ಮೊಹಿನುದ್ದೀನ್ ಮಾಸ್ತರರ ಓರೆ ಬಾಜು

ಹುಮನಾಬಾದಿನ ಮಿಡ್ಲ್ ಸ್ಕೂಲಿನಲ್ಲಿ ನಮಗೆ ಲೆಕ್ಕ ಕಲಿಸುತ್ತಿದ್ದ ಮೊಹಿನುದ್ದೀನ್ ಮಾಸ್ತರರು ಹುಟ್ಟಿದ್ದು ಕಲ್ಯಾಣಿಯಲ್ಲಿ. ಇವತ್ತು ಬಸವಕಲ್ಯಾಣ ಎನ್ನುವ ಊರನ್ನು ಆಗ ಎಲ್ಲರೂ ಕಲ್ಯಾಣಿ ಎಂದೇ ಕರೆಯುತ್ತಿದ್ದರು. ಕೋಟೆಯ ಹತ್ತಿರದ ಓಣಿಯಲ್ಲಿ ಅವರ ತಂದೆ ಲಾಲ್ ಅಹ್ಮದರ ಬಳೆ ಅಂಗಡಿ ಇತ್ತು. ಮಗನಿಗೆ ಅಂಗಡಿ ಒಗ್ಗಲಿಲ್ಲ. ಗುಲಬರ್ಗಾಕ್ಕೆ ಹೋಗಿ ಮೆಟ್ರಿಕ್ ಪಾಸು ಮಾಡಿ, ೧೯೩೩ರಲ್ಲಿ ಮಾಸ್ತರಿಕೆ ಸಿಕ್ಕಿ ಹುಮನಾಬಾದಿಗೆ ಬಂದರು. ದುಬಲಗುಂಡಿಯ ಹಜಿರಾ ಬೀಯವರನ್ನು ಮದುವೆಯಾದರು. ಅವರಿಗೆ ಮಕ್ಕಳಾಗಲಿಲ್ಲ. ಶಾಲೆ ಬಿಟ್ಟ ಮೇಲೂ ನಮ್ಮಂಥವರು ನಾಲ್ಕಾರು ಮಂದಿ ಅವರ ಅಂಗಳದಲ್ಲೇ ಇರುತ್ತಿದ್ದೆವು, ಹಜಿರಾ ಬೀ ಕೊಡುವ ಹುರಿದ ಕಡಲೆಗಾಗಿ ಅಂತ ಬೇಕಾದರೂ ಅನ್ನಿ.

ಮಾಸ್ತರರ ಹೆಮ್ಮೆ ಅವರ ಕೈ. ಅಡಿಕೋಲು ಮುಟ್ಟದೆ ಹಲಗೆಯ ಮೇಲೆ ಗೆರೆ ಎಳೆದರೆ ದಾರ ಹಿಡಿದು ಎಳೆದ ಹಾಗಿರುತ್ತಿತ್ತು. ವೃತ್ತ ಬರೆದರೆ ಶುರು ಮಾಡಿದ ಜಾಗಕ್ಕೇ ಸೀಮೆಸುಣ್ಣ ಬಂದು ಮುಟ್ಟುತ್ತಿತ್ತು. ನಾವು ಬಾಯಿ ತೆರೆದು ನೋಡುತ್ತಿದ್ದೆವು. ಆದರೆ ನೋಡಿದ್ದು ತಿಳಿಯುತ್ತಿತ್ತೇ ಎಂದರೆ, ಇಲ್ಲ. ಆಗ ನಿಜಾಮ ಸರ್ಕಾರ, ಪಾಠವೆಲ್ಲ ಉರ್ದುವಿನಲ್ಲಿ. ನಮ್ಮಲ್ಲಿ ಬಹಳ ಮಂದಿಯ ಮನೆಮಾತು ಕನ್ನಡ, ಕೆಲವರದು ಮರಾಠಿ. ತ್ರಿಕೋನಕ್ಕೆ ಮುಸಲ್ಲಸ್, ಅದರ ಉದ್ದನೆಯ ಓರೆ ಗೆರೆಗೆ ವತರ್, ಉಳಿದ ಬದಿಗಳಿಗೆ ಬಾಜು, ಚೌಕಕ್ಕೆ ಮುರಬ್ಬಾ. ನಮಗೆ ಗೊತ್ತಿದ್ದ ಮುರಬ್ಬಾ ಒಂದೇ, ಬಜಾರಿನ ಅಂಗಡಿಯ ಗಾಜಿನ ಭರಣಿಯಲ್ಲಿ ಪಾಕದೊಳಗೆ ಮುಳುಗಿದ್ದ ನೆಲ್ಲಿಕಾಯಿ. "ವತರದ ಮುರಬ್ಬಾ ಎರಡು ಬಾಜೂಗಳ ಮುರಬ್ಬಾಗಳ ಮೊತ್ತಕ್ಕೆ ಸಮ" ಎಂಬ ಅರ್ಥದ ಉರ್ದು ಸಾಲನ್ನು ನಾವು ರಾಗ ಎಳೆದು ಬಾಯಿಪಾಠ ಹೇಳುತ್ತಿದ್ದೆವು. ಹೇಳುವಾಗ ನನಗಂತೂ ಬಾಯಲ್ಲಿ ನೀರೂರುತ್ತಿತ್ತು. ಪರೀಕ್ಷೆಯಲ್ಲಿ ಅದೇ ಸಾಲು ಬರೆದು ಪಾಸಾಗುತ್ತಿದ್ದೆವು. ಪೈಥಾಗೊರಸನ ಪ್ರಮೇಯ ಹೀಗೆ ವರ್ಷ ವರ್ಷ ಹುಮನಾಬಾದಿಗೆ ಬಂದು, ಯಾರ ತಲೆಯೊಳಗೂ ಇಳಿಯದೆ ಹೋಗುತ್ತಿತ್ತು.

೧೯೪೦ರ ಸುಮಾರಿಗೆ ಮಾಸ್ತರರ ಕಣ್ಣು ಮಂಜಾಗತೊಡಗಿತು. ಮೊದಲು ಪಕ್ಕದಲ್ಲಿ ಬಂದವರು ಕಾಣಲಿಲ್ಲ, ಆಮೇಲೆ ಕೊಳವೆಯೊಳಗಿಂದ ನೋಡಿದಷ್ಟೇ ಜಗತ್ತು ಉಳಿಯಿತು. ಬೀದರಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು ಗಂಡ ಹೆಂಡತಿ ಹೈದರಾಬಾದಿಗೆ ಹೋಗಿ ಬಂದರು. ಇದು ತೆಗೆದುಹಾಕುವ ಪೊರೆಯಲ್ಲ, ಒಳಗಿನ ನರವೇ ಒಣಗುತ್ತಿದೆ ಎಂದು ಅಲ್ಲಿಯ ಡಾಕ್ಟರು ಹೇಳಿ ಕಳಿಸಿದರು. ಊರಿಗೆ ಬಂದ ಮಾಸ್ತರರು ಇದನ್ನು ಯಾರಿಗೂ ಹೇಳಲಿಲ್ಲ. ಶಾಲೆಯ ದಾರಿ, ಮೆಟ್ಟಿಲು, ಹಲಗೆ ಇದ್ದ ಗೋಡೆ ಎಲ್ಲ ಅವರಿಗೆ ಕಾಲಿಗೆ ಕೈಗೆ ಗೊತ್ತಿದ್ದವು. ಹಾಗೇ ನಡೆಸಿಕೊಂಡು ಹೋಗಬಹುದು ಅಂದುಕೊಂಡಿದ್ದರು.

ನಾನು ಏಳನೇ ಜಮಾತಿನಲ್ಲಿ, ಅಂದರೆ ಏಳನೇ ತರಗತಿಯಲ್ಲಿದ್ದೆ. ಒಂದು ಮುಂಜಾನೆ ಮಾಸ್ತರರು ಮುಸಲ್ಲಸ್ ಬರೆಯಲು ನಿಂತರು. ಒಂದು ಗೆರೆ ಎಳೆದರು, ಎರಡನೆಯದು ಎಳೆದರು. ಮೂರನೆಯದು ಎರಡನ್ನೂ ಮುಟ್ಟದೆ ಗಾಳಿಯಲ್ಲಿ ನಿಂತ ಹಾಗೆ ಒಂದು ಕಡೆ ನಿಂತುಬಿಟ್ಟಿತು. ಅವರು ನಮ್ಮ ಕಡೆ ತಿರುಗಿ ಪಾಠ ಮುಂದುವರಿಸಿದರು. ಯಾರೂ ನಗಲಿಲ್ಲ. ದುಬಲಗುಂಡಿಯಿಂದ ಬರುತ್ತಿದ್ದ ನನ್ನ ಗೆಳೆಯ ಗುಂಡಪ್ಪ ಸದ್ದಿಲ್ಲದೆ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡ. ಗೀಚಿದ ಸದ್ದಿಗೆ ಮಾಸ್ತರರು ಮಾತು ನಿಲ್ಲಿಸಿ, ಯಾರು ಎಂದು ಕೇಳಿದರು.

"ನಾ ಗುಂಡಪ್ಪ ರೀ. ಗೆರಿ ಕೂಡಿರಲಿಲ್ರಿ. ಕೂಡಿಸಾಕತ್ತೇನ್ರಿ."

ಮಾಸ್ತರರು ಕುರ್ಚಿ ತಡವಿ ಕೂತರು. ತಮ್ಮ ಕಣ್ಣು ಹೋಗಿದೆ ಎಂದು ನಮಗೆ ಹೇಳಿದರು. ಉರ್ದುವಿನಲ್ಲಲ್ಲ, ಕನ್ನಡದಲ್ಲಿ ಹೇಳಿದರು. ಅವರ ಬಾಯಲ್ಲಿ ಜಮಾತಿನೊಳಗೆ ಕನ್ನಡ ಕೇಳಿದ್ದು ನಾನು ಅದೇ ಮೊದಲು. ಅವತ್ತೇ ಅವರು ಹೆಡ್ ಮಾಸ್ತರ್ ನಾಗನಾಥರಾಯರ ಹತ್ತಿರ ಹೋಗಿ ಎಲ್ಲ ತಿಳಿಸಿದರು. ರಾಯರು ಒಳ್ಳೆಯವರು, ಆದರೆ ಹೆದರುವ ಜೀವ. ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಚಳಿಗಾಲ ಮುಗಿಯುವುದರೊಳಗೆ ಬರುತ್ತಾರೆ, ಅಲ್ಲಿಯವರೆಗೆ ಹೇಗೋ ನಡೆಯಲಿ, ಮುಂದಿನದು ತಮ್ಮ ಕೈಯಲ್ಲಿಲ್ಲ ಎಂದರಂತೆ.

ಮನೆಯಲ್ಲಿ ಅವರಿಬ್ಬರು ಆಡುತ್ತಿದ್ದದ್ದು ದಖನಿ ಉರ್ದು. ಆದರೆ ಹಜಿರಾ ಬೀ ದುಬಲಗುಂಡಿಯಲ್ಲಿ ಕನ್ನಡದ ಹುಡುಗಿಯರ ನಡುವೆ ಬೆಳೆದವರು, ಮಾತು ಗಟ್ಟಿಯಾಗಬೇಕಾದಾಗ ಅವರಿಗೆ ಕನ್ನಡವೇ ಬರುತ್ತಿತ್ತು. ಆ ಸಂಜೆ ನಾನು, ಗುಂಡಪ್ಪ ಅವರ ಅಂಗಳದಲ್ಲಿದ್ದೆವು. ಹಲಗೆ ಇಲ್ಲದೆ ಜ್ಯಾಮಿತಿ ಹೇಗೆ ಕಲಿಸಲಿ, ಬಳೆ ಅಂಗಡಿಯೇ ಗತಿ ಎಂದು ಮಾಸ್ತರರು ಕೂತಿದ್ದರು. ಹಜಿರಾ ಬೀ ಕೌದಿ ಹೊಲಿಯುತ್ತಿದ್ದರು. ಓಣಿಯ ಅರ್ಧ ಮನೆಗಳಿಗೆ ಅವರೇ ಕೌದಿ ಹೊಲಿದುಕೊಡುತ್ತಿದ್ದರು. ಸೂಜಿ ನಿಲ್ಲಿಸಿ ಅವರು ಹೇಳಿದರು:

"ನಿಮಗ ಕೈ ಅದಾವಲ್ಲ, ಹುಡುಗೂರಿಗೂ ಅದಾವ. ಹಲಗಿ ಮಾತು ಬಿಡ್ರಿ. ಏನು ಆಕಾರ ಬೇಕು ಹೇಳ್ರಿ, ನಾ ಬಟ್ಟಿ ಕತ್ತರಿಸಿ ಕೊಡ್ತೀನಿ."

ಮಾಸ್ತರರು ಅದನ್ನು ಹೆಂಗಸಿನ ಸಮಾಧಾನದ ಮಾತು ಅಂದುಕೊಂಡು ಹೂಂಗುಟ್ಟಿದರು. ಆಮೇಲೆ ಒಮ್ಮೆಲೇ ನೆಟ್ಟಗೆ ಕೂತು, ಒಂದೇ ಅಳತೆಯ ನಾಲ್ಕು ತ್ರಿಕೋನ ಬೇಕೆಂದರು. ಪ್ರಮೇಯವನ್ನು ಸಾಧಿಸುವ ಹಳೆಯ ದಾರಿಯೊಂದು ಅವರಿಗೆ ಗೊತ್ತಿತ್ತು. ಅದನ್ನು ಕೈಗೆ ಸಿಗುವ ಹಾಗೆ ಮಾಡಬಹುದು ಎಂದು ಹೊಳೆದದ್ದು ಆಗ.

ಕೆಲಸಕ್ಕೆ ಕೆಲವು ದಿನ ಹಿಡಿಯಿತು. ಹಜಿರಾ ಬೀ ಗೋಣಿ ತಟ್ಟನ್ನು ಚೌಕಾಗಿ ಕತ್ತರಿಸಿ, ಬೆರಳಿಗೆ ಅಂಚು ಸಿಗಲೆಂದು ಸುತ್ತಲೂ ದಪ್ಪ ಹೊಲಿಗೆ ಹಾಕಿದರು. ಹಳೆಯ ನುಣುಪು ಸೀರೆಯ ಪದರಗಳನ್ನು ಸೇರಿಸಿ ಕೌದಿಯಂತೆ ಹೊಲಿದು ನಾಲ್ಕು ತ್ರಿಕೋನ ಮಾಡಿದರು. ಒಂದೊಂದು ತ್ರಿಕೋನದ ಒಂದು ಮೂಲೆ ನೆಟ್ಟಗೆ, ಗೋಡೆ ನೆಲಕ್ಕೆ ಕೂಡಿದ ಹಾಗೆ. ಆ ಮೂಲೆಯ ಎರಡೂ ಬದಿಗಳನ್ನು ಸಾಲಾಗಿಟ್ಟರೆ ಗೋಣಿಯ ಒಂದು ಬದಿಯಷ್ಟು ಉದ್ದ. ಮೊದಲ ಸಲ ಹೊಲಿಗೆ ಎಳೆದುಕೊಂಡು ಒಂದು ತುಂಡು ಗಿಡ್ಡವಾಯಿತು. ಮಾಸ್ತರರು ಬೆರಳಾಡಿಸಿ ಬೇಡವೆಂದರು. ಹಜಿರಾ ಬೀ ಗೊಣಗಿಕೊಂಡು ಬಿಚ್ಚಿ ಮತ್ತೆ ಹೊಲಿದರು.

ಆ ಪಾಠ ನನಗೆ ಇನ್ನೂ ಕೈಯಲ್ಲಿದೆ. ನಮ್ಮನ್ನು ಬೆಂಚಿನಿಂದ ಇಳಿಸಿ ನೆಲದ ಮೇಲೆ ಸುತ್ತ ಕೂಡಿಸಿದರು. ಕಣ್ಣು ಮುಚ್ಚಲು ಹೇಳಿದರು. ನಾಲ್ಕು ತುಂಡುಗಳನ್ನು, ನೆಟ್ಟಗಿನ ಮೂಲೆ ಹೊರಗೆ ಬರುವಂತೆ, ಗೋಣಿಯ ನಾಲ್ಕು ಮೂಲೆಗೆ ಒಂದೊಂದರಂತೆ ಇಟ್ಟು, ನುಣುಪು ಬಿಟ್ಟು ಒರಟು ಮಾತ್ರ ಮುಟ್ಟುತ್ತ ಹೋಗಿ ಎಂದರು. ನಡುವೆ ಒರಟು ಗೋಣಿ ಉಳಿದಿತ್ತು. ಓರೆಯಾಗಿ ಕೂತ ಒಂದು ಚೌಕ. ಅದರ ನಾಲ್ಕೂ ಬದಿ ತ್ರಿಕೋನಗಳ ಓರೆ ಗೆರೆಗಳೇ. ಆಮೇಲೆ ಅದೇ ತುಂಡುಗಳನ್ನು ಎತ್ತಿ, ಎರಡೆರಡನ್ನು ಓರೆಗೆ ಓರೆ ಜೋಡಿಸಿ, ಎರಡು ಉದ್ದ ಚೌಕ ಮಾಡಿ ಎದುರುಬದುರಿನ ಮೂಲೆಗೆ ಇಟ್ಟರು. ಈಗ ಒರಟು ಎರಡು ಕಡೆ ಉಳಿಯಿತು. ಒಂದು ಸಣ್ಣ ಚೌಕ, ಒಂದು ಅದಕ್ಕಿಂತ ದೊಡ್ಡ ಚೌಕ. ಸಣ್ಣದು ತ್ರಿಕೋನದ ಗಿಡ್ಡ ಬದಿಯ ಮೇಲಿನದು, ದೊಡ್ಡದು ಇನ್ನೊಂದು ಬದಿಯ ಮೇಲಿನದು.

"ಗೋಣಿ ಅದೇ, ತುಂಡು ಅವೇ ನಾಲ್ಕು," ಎಂದರು ಮಾಸ್ತರರು. "ಹಂಗಾದ್ರ ಮೊದಲು ಉಳಿದ ಒರಟು, ಈಗ ಉಳಿದ ಒರಟು, ಹೆಚ್ಚು ಕಮ್ಮಿ ಆಗಲಿಕ್ಕೆ ಸಾಧ್ಯ ಅದ ಏನು?"

ನನ್ನ ಪಕ್ಕದಿಂದ ಗುಂಡಪ್ಪ, ಎರಡು ಚೌಕ ಕೂಡಿದರೆ ಆ ಓರೆ ಚೌಕ ಎಂದು ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದ. ನಾನು ಕಣ್ಣು ಬಿಟ್ಟೆ. ಅಷ್ಟು ದಿನ ಹಾಡಿದ ಉರ್ದು ಸಾಲು ಇದೇ ಎಂದು ನನಗೆ ಆಗ ತಿಳಿಯಿತು. ಮಾಸ್ತರರ ಹತ್ತಿರ ಕನ್ನಡದ ಶಾಸ್ತ್ರೀಯ ಪದಗಳಿರಲಿಲ್ಲ. ವತರ್ ಅವತ್ತಿನಿಂದ ನಮಗೆ ಓರೆ ಬಾಜು ಆಯಿತು, ಲಂಬಕೋನದ ಉರ್ದು ಹೆಸರು ನೆಟ್ಟಗಿನ ಮೂಲೆ ಆಯಿತು, ಮುರಬ್ಬಾ ಚೌಕವಾಯಿತು.

ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಎತ್ತರದ ಆಳು, ಮಾತು ಕಡಿಮೆ. ಮಾಸ್ತರರು ಸಲಾಮು ಮಾಡಿದ್ದು ಅವರು ನಿಂತ ಕಡೆಗಲ್ಲ, ಬಾಗಿಲ ಕಡೆಗೆ. ಸಾಹೇಬರು ನೇರವಾಗಿ ಕೇಳಿದರು, ಮಾಸ್ತರರೂ ನೇರವಾಗಿ ಕಾಣುವುದಿಲ್ಲ ಎಂದರು. ಬಾಗಿಲಲ್ಲಿ ನಾಗನಾಥರಾಯರು ರುಮಾಲಿನಿಂದ ಮುಖ ಒರೆಸಿಕೊಂಡರು. ಸಾಹೇಬರು ಗೋಣಿಯನ್ನೂ ತುಂಡುಗಳನ್ನೂ ನೋಡಿ ನನ್ನನ್ನು ಎಬ್ಬಿಸಿದರು. ತ್ರಿಕೋನ ಈ ಆಕಾರದ್ದಲ್ಲದೆ ಉದ್ದಕ್ಕೆ ತೆಳ್ಳಗಿದ್ದರೆ ಆಗಲೂ ಈ ಮಾತು ನಿಜವೇ ಎಂದು ಉರ್ದುವಿನಲ್ಲಿ ಕೇಳಿದರು. ಪ್ರಶ್ನೆ ತಿಳಿಯಿತು, ಉತ್ತರವೂ ಗೊತ್ತಿತ್ತು, ಉರ್ದು ಬರಲಿಲ್ಲ. ಮಾಸ್ತರರು ನಾನು ನಿಂತ ಕಡೆ ಮುಖ ಮಾಡಿದರು.

"ನಿನ್ನ ಮಾತಿನಾಗ ಹೇಳು, ದೇವಿಂದ್ರ."

"ಗೋಣಿ ಅಳತಿ ಬ್ಯಾರೆ ಆಗ್ತದ್ರಿ," ಎಂದೆ. "ಆದ್ರ ನಾಲ್ಕೂ ತುಂಡು ಹಂಗೇ ಕೂಡ್ತಾವ್ರಿ. ಮೂಲಿ ನೆಟ್ಟಗಿದ್ರ ಸಾಕ್ರಿ."

ಮಾಸ್ತರರು ಅದನ್ನು ಉರ್ದುವಿನಲ್ಲಿ ಹೇಳಿದರು. ಸಾಹೇಬರು ಇನ್ನೂ ಮೂವರನ್ನು ಕೇಳಿದರು. ಹೋಗುವಾಗ, ಶಾಲೆಯ ಭಾಷೆಯ ಕಾನೂನು ಮಾಸ್ತರರಿಗೆ ಗೊತ್ತಿರಬೇಕೆಂದು ಎಚ್ಚರಿಸಿದರು. ಹುಡುಗರಿಗೆ ಪಾಠ ತಿಳಿದಿದೆ ಎಂದೂ ಹೇಳಿದರು. ಕಣ್ಣಿಲ್ಲದವರನ್ನು ನೌಕರಿಯಲ್ಲಿ ಇಟ್ಟುಕೊಳ್ಳಲು ಅವರಿಗೆ ಅಧಿಕಾರವಿರಲಿಲ್ಲ. ಆದರೆ ತಕ್ಷಣ ತೆಗೆಯಲೂ ಇಲ್ಲ. ನಮ್ಮ ಪರೀಕ್ಷೆ ಮುಗಿದು, ಮರುವರ್ಷ ನಮ್ಮ ಹಿಂದಿನ ಜಮಾತಿನ ಪರೀಕ್ಷೆಯೂ ಮುಗಿಯುವವರೆಗೆ ಮಾಸ್ತರರು ಅಲ್ಲೇ ಇದ್ದರು. ಆ ಅವಧಿಯನ್ನು ಸಾಹೇಬರು ಕೊಟ್ಟ ದೊಡ್ಡ ಉಡುಗೊರೆ ಎಂದೇ ಅವರು ಕೊನೆಯವರೆಗೂ ನೆನೆಯುತ್ತಿದ್ದರು.

ನೌಕರಿ ಬಿಟ್ಟ ಮೇಲೆ ಅಂಗಳವೇ ಶಾಲೆಯಾಯಿತು. ಚಿಟಗುಪ್ಪದಿಂದ, ಮನ್ನಾಏಖೇಳ್ಳಿಯಿಂದಲೂ ಹುಡುಗರು ಲೆಕ್ಕ ಕಲಿಯಲು ಬರುತ್ತಿದ್ದರು. ಸುಗ್ಗಿಯಾದಾಗ ಜೋಳ, ತೊಗರಿ ಬೇಳೆ ಅವರವರ ಮನೆಗಳಿಂದ ಬರುತ್ತಿತ್ತು. ಮಾಸ್ತರರು ಚೀಲ ತಡವಿ, ಯಾರ ಹೊಲದ್ದು ಎಂದು ಕೇಳಿ, ಹೆಸರು ಹಿಡಿದು ದುವಾ ಮಾಡುತ್ತಿದ್ದರು.

೧೯೪೮ ಬಂತು. ಆ ವರ್ಷದ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರ ಪಡೆಯ ಭಯಕ್ಕೆ ದುಬಲಗುಂಡಿಯಲ್ಲಿ ಇರಲಾರದೆ ಗುಂಡಪ್ಪನ ತಾಯಿ ಭೀಮಬಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮಾಸ್ತರರ ಮನೆಗೆ ಬಂದರು. ಹಜಿರಾ ಬೀ ಒಳಕೋಣೆ ಅವರಿಗೆ ಬಿಟ್ಟುಕೊಟ್ಟು ತಾವು ಒಲೆಯ ಪಕ್ಕ ಮಲಗಿದರು. ಸಪ್ಟೆಂಬರಿನಲ್ಲಿ ಭಾರತದ ಫೌಜು ಬಂದು ನಿಜಾಮನ ರಾಜ್ಯ ಮುಗಿಯಿತು. ಆಗ ಭಯ ದಿಕ್ಕು ಬದಲಿಸಿ ಮುಸಲ್ಮಾನರ ಓಣಿಗಳಿಗೆ ಬಂತು. ಅಷ್ಟರಲ್ಲಿ ತಮ್ಮ ಮನೆಗೆ ಮರಳಿದ್ದ ಭೀಮಬಾಯಿ ಊರಿನಿಂದ ಗುಂಡಪ್ಪನ ಕೈಯಲ್ಲಿ ಎತ್ತಿನ ಗಾಡಿ ಕಳಿಸಿದರು, ನಾನೂ ಜೊತೆಗಿದ್ದೆ. ಮಾಸ್ತರರನ್ನೂ ಹಜಿರಾ ಬೀಯನ್ನೂ ಕರೆದೊಯ್ದು ದುಬಲಗುಂಡಿಯ ಮನೆಯೊಳಗೆ ಇಟ್ಟುಕೊಂಡೆವು. ಒಂದು ದಿನ ನಾಲ್ಕು ಮಂದಿ ಕಟ್ಟೆಗೆ ಬಂದು, ಒಳಗೆ ಯಾರಿದ್ದಾರೆಂದು ಕೇಳಿದರು. ಭೀಮಬಾಯಿ ಹೊಸ್ತಿಲ ಮೇಲೆಯೇ ಕೂತಿದ್ದರು.

"ನಮ್ಮ ಮನಿ ಮಂದಿ ಅದಾರ," ಎಂದರು. "ನನ್ನ ದಾಟಿ ಒಳಗ ಹೋಗ್ರಿ ಬೇಕಾದ್ರ."

ಅವರು ಕಟ್ಟೆ ಇಳಿದು ಹೊರಟುಹೋದರು. ಆ ಊರಲ್ಲಿ, ಈ ಊರಲ್ಲಿ ಏನೇನಾಯಿತೆಂಬ ಸುದ್ದಿ ಬರುತ್ತಲೇ ಇತ್ತು. ಒಳಗೆ ಮಾಸ್ತರರು ಗುಂಡಪ್ಪನ ತಂಗಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದರು.

ಮರುವರ್ಷ, ಮಾಸ್ತರರು ಹುಮನಾಬಾದಿನ ಮನೆಗೆ ಮರಳಿದ ಮೇಲೆ, ಕಲ್ಯಾಣಿಯಿಂದ ನಾಗನಾಥರಾಯರೇ ಅವರನ್ನು ಹುಡುಕಿಕೊಂಡು ಬಂದರು. ರಾಯರಿಗೆ ಅಲ್ಲಿಗೆ ವರ್ಗವಾಗಿತ್ತು, ಪಾಠ ಉರ್ದುವಿನಿಂದ ಕನ್ನಡಕ್ಕೆ ಬದಲಾಗುತ್ತಿತ್ತು. ಪುಸ್ತಕ ಬಂದಿರಲಿಲ್ಲ. ಇದ್ದ ಮಾಸ್ತರರೆಲ್ಲ ಉರ್ದುವಿನಲ್ಲಿ ಓದಿದವರು. ಮಕ್ಕಳೆದುರು ನಿಂತರೆ ಜ್ಯಾಮಿತಿಗೆ ಕನ್ನಡದ ಮಾತೇ ಸಿಗುತ್ತಿರಲಿಲ್ಲ. ರಾಯರು ಅಂಗಳದಲ್ಲಿ ಕೂತು, ಆಗ ನನಗೆ ಧೈರ್ಯ ಸಾಲಲಿಲ್ಲ, ಈಗ ನಮ್ಮಲ್ಲಿಗೆ ಬಂದು ಕಲಿಸಿರೆಂದು ಬೇಡಿಕೊಳ್ಳಲು ಬಂದಿದ್ದೇನೆ ಎಂದರು. ಮೇಲಿನವರ ಒಪ್ಪಿಗೆ ಅವರೇ ಓಡಾಡಿ ತಂದಿದ್ದರು. ಹಲಗೆಯ ಕೆಲಸಕ್ಕೆ ಜೊತೆಗೊಬ್ಬ ಕಿರಿಯ ಮಾಸ್ತರನಿರಲಿ ಎಂದು ನನ್ನನ್ನೂ ಸೇರಿಸಿಕೊಂಡರು. ನನ್ನ ಜೀವನದ ನೌಕರಿ ಹಾಗೆ ಶುರುವಾಯಿತು.

ಹುಟ್ಟಿದೂರಿಗೆ ಮರಳಿದ ಮಾಸ್ತರರು ಅಲ್ಲಿಯ ಮಕ್ಕಳಿಗೆ ಅದೇ ಪ್ರಮೇಯ ಕಲಿಸಿದ ದಿನ ಜಮಾತಿನಲ್ಲಿ ಒಬ್ಬ ಹುಡುಗಿಯಿದ್ದಳು, ಗಯಾಬಾಯಿ. ಹುಡುಗರ ನಡುವೆ ಒಬ್ಬಳೇ. ಎಲ್ಲರೂ ತಿಳಿಯಿತು ಎಂದ ಮೇಲೆ ಅವಳು ಎದ್ದು ನಿಂತಳು.

"ಮೂಲಿ ನೆಟ್ಟಗ ಇರಲಿಲ್ಲಂದ್ರ ಏನಾಗ್ತದ್ರಿ ಮಾಸ್ತರ್ರ?"

ಮಾಸ್ತರರು ತಲೆ ಬಾಗಿಸಿ ಯೋಚಿಸಿದರು. ಎರಡು ಚೌಕ ಕೂಡಿದ್ದು ಆಗ ಹೆಚ್ಚೋ ಕಮ್ಮಿಯೋ ಆಗುತ್ತದೆ, ಎಷ್ಟು ಎಂಬುದನ್ನು ಕೈಗೆ ಸಿಗುವಂತೆ ತೋರಿಸಲು ತಮಗಿನ್ನೂ ಬಾರದು, ಹುಡುಕೋಣ ಎಂದು ಅವಳಿಗೆ ಹೇಳಿದರು. ಶಾಲೆ ಬಿಟ್ಟ ಮೇಲೆ ನನ್ನ ತೋಳು ಹಿಡಿದು ನಡೆಯುತ್ತ, ಇಷ್ಟು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿರಲಿಲ್ಲವಲ್ಲ ಎಂದು ಮತ್ತೆ ಮತ್ತೆ ಅಂದರು. ಅವಳ ಮನೆ ಎಲ್ಲಿ ಎಂದು ವಿಚಾರಿಸಿ ಅಲ್ಲಿಗೇ ಕರೆದುಕೊಂಡು ಹೋಗು ಎಂದರು.

ಗಯಾಬಾಯಿಯ ತಂದೆ ಮಹಾರುದ್ರಪ್ಪನವರದು ಎಣ್ಣೆ ಅಂಗಡಿ. ಇಬ್ಬರು ಮಾಸ್ತರರು ಬಾಗಿಲಿಗೆ ಬಂದದ್ದು ಕಂಡು ಮಗಳು ಏನೋ ತಪ್ಪು ಮಾಡಿದ್ದಾಳೆಂದು ಅವರು ಗಾಬರಿಯಿಂದ ಎದ್ದರು. ಮಾಸ್ತರರು ಎರಡೂ ಕೈ ಜೋಡಿಸಿದರು.

"ಏನಿಲ್ರಿ. ಹುಡಿಗೀನ ಸಾಲಿಗಿ ಕಳಿಸಿದ್ರಲ್ಲ, ನಿಮ್ಮಿಂದ ನನಗ ಭಾಳ ಉಪಕಾರ ಆತು. ಅದನ್ನ ಹೇಳಿ ಹೋಗಬೇಕಂತ ಬಂದೀನ್ರಿ."

ಮಹಾರುದ್ರಪ್ಪನವರು ಗೋಣಿ ಚೀಲ ಕೊಡವಿ ಹಾಸಿ, ಕೂಡ್ರಿ ಅಂದರು. ಒಳಗಿನಿಂದ ಬೆಲ್ಲ, ನೀರು ಬಂತು. ನಾವು ಕತ್ತಲಾಗುವವರೆಗೆ ಅಲ್ಲೇ ಮಾತಾಡುತ್ತ ಕೂತೆವು.