ಗಾಜಿನ ಕಪಾಟಿನಲ್ಲಿ ಅವ್ವ

ಡೊಂಬಿವಲಿಯಿಂದ ಮುಂಬಯಿ ಕಡೆಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಜಯಲತಾ ಟೀಚರ್ ನಿಂತೇ ನಿದ್ದೆ ಮಾಡುತ್ತಿದ್ದರು. ಬೀಳುವ ಭಯವಿಲ್ಲ; ಆ ಲೇಡೀಸ್ ಡಬ್ಬಿಯಲ್ಲಿ ಬೀಳಲು ಜಾಗವೆಲ್ಲಿ? ಒಮ್ಮೆ, ಗಾಡಿ ಬದಲಿಸಬೇಕಾದ ಥಾಣೆಯಲ್ಲಿ ಅವರ ಚಪ್ಪಲಿಗಳಷ್ಟೇ ಇಳಿದವಂತೆ. ಅವರು ಮುಲುಂಡಿನ ತನಕ ಹೋಗಿ ವಾಪಸ್ ಬಂದಾಗ ಚಪ್ಪಲಿಗಳು ತಾವೇ ಪ್ಲಾಟ್‌ಫಾರ್ಮ್ ಬದಲಿಸಿ, ತುರ್ಭೆ ಗಾಡಿಗೆ ಕಾಯುತ್ತ ನಿಂತಿದ್ದವಂತೆ. ನಂಬದವರು ಒಂದು ದಿನ ಹತ್ತಿ ನೋಡಲಿ.

ತುರ್ಭೆಯ ಕನ್ನಡ ಶಾಲೆಯಲ್ಲಿ ಅವರು ಕೌನ್ಸೆಲರ್. ಬಾಯಿಬಿಟ್ಟು ಹೇಳಲಾಗದ್ದನ್ನು ಮಕ್ಕಳು ಅವರ ಕೋಣೆಯಲ್ಲಿ ಬಣ್ಣ ಬಳಿದೋ ಜೇಡಿಮಣ್ಣು ಕಲಸಿಯೋ ಹೇಳುತ್ತಿದ್ದರು. ಮಕ್ಕಳು ಹಗುರಾಗಿ ಮನೆಗೆ ಓಡಿದರೆ, ಆ ಭಾರವನ್ನೆಲ್ಲ ಹೊತ್ತು ಸಂಜೆಯ ಗಾಡಿ ಹತ್ತುವವರು ಟೀಚರ್.

ಹಮಾಲಿಯೊಬ್ಬನ ಮಗಳು ಅನುಷ್ಕಾ. ತಾಯಿ ತೀರಿಕೊಂಡ ಮೇಲೆ ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ. ವಾರಕ್ಕೊಮ್ಮೆ ಬಂದು, ಒಲೆಯ ಮುಂದೆ ಕುಳಿತ ಅವ್ವನನ್ನು ಮಣ್ಣಿನಲ್ಲಿ ಮಾಡುವಳು. ಬೆಲ್ ಹೊಡೆಯುವ ಮುಂಚೆ ಜಜ್ಜಿ ಉಂಡೆಗಟ್ಟುವಳು. ಸಿಟ್ಟು ಹೊರಬರುತ್ತಿದೆ ಎಂದುಕೊಂಡು ಟೀಚರ್ ಸುಮ್ಮನಿದ್ದರು.

ಒಂದು ಗುರುವಾರ, ಬೆಂಕಿ ಬಿದ್ದರೆ ಹೇಗೆ ಓಡಬೇಕೆಂದು ಕಲಿಸಲು ಬೆಲ್ ಮೊದಲೇ ಹೊಡೆಯಿತು. ಜಜ್ಜಲು ಹುಡುಗಿಗೆ ಪುರಸೊತ್ತಾಗಲಿಲ್ಲ. ಮುಖ್ಯೋಪಾಧ್ಯಾಯ ಮುರಾರಿ ಸರ್ ಕಣ್ಣಿಗೆ ಆ ಗೊಂಬೆ ಬಿತ್ತು. ಮರುದಿನ ಅದು ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ, ಶೀಲ್ಡುಗಳ ನಡುವೆ ಕುಳಿತಿತ್ತು. ಅದನ್ನು ನೋಡಿದ ಅನುಷ್ಕಾ ಮಧ್ಯಾಹ್ನದ ಡಬ್ಬ ಬಿಚ್ಚಲಿಲ್ಲ. ಕೋಣೆಗೆ ಕರೆದರೂ ಬರಲಿಲ್ಲ. ಅಷ್ಟು ವಾರಗಳ ಕೆಲಸ ಮಣ್ಣುಪಾಲಾಗುವುದು ಟೀಚರಿಗೆ ಕಾಣುತ್ತಿತ್ತು.

"ಅದು ಇಡ್ಲಿಕ್ಕೆ ಮಾಡಿದ್ದಲ್ಲ ಸರ್. ಮುರಿಲಿಕ್ಕೆ ಮಾಡಿದ್ದು," ಎಂದರು.

"ನಾಳೆ ಶನಿವಾರ ಟ್ರಸ್ಟಿಗಳು ಬರ್ತಾರೆ ಮೇಡಂ. ನಿಮ್ಮ ಕೌನ್ಸೆಲಿಂಗಿನಲ್ಲಿ ತೋರಿಸ್ಲಿಕ್ಕೆ ಬೇರೆಂತ ಉಂಟು? ಅಳುವ ಮಕ್ಕಳನ್ನು ಸಾಲಾಗಿ ನಿಲ್ಲಿಸುದಾ?"

ಬರುವ ವರ್ಷ ತನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅದೇ ಟ್ರಸ್ಟಿಗಳ ಕೈಯಲ್ಲಿದೆ ಎಂದು ಟೀಚರಿಗೆ ಗೊತ್ತಿತ್ತು. ಜಗಳವಾಡುವಷ್ಟು ತ್ರಾಣ ಉಳಿದಿರಲಿಲ್ಲ. ಗೋಡೆಯ ಮೊಳೆಗೆ ತೂಗುತ್ತಿದ್ದ ಕಪಾಟಿನ ಕೀಲಿ ತೆಗೆಯುವಷ್ಟು ಇತ್ತು. ಶನಿವಾರ ಶಾಲೆ ತುಂಬುವ ಮುಂಚೆಯೇ ಅನುಷ್ಕಾಳನ್ನು ಕರೆದು, ಕಪಾಟು ತೆರೆದು, ಒಣಗಿ ಬಿರುಕುಬಿಟ್ಟ ಗೊಂಬೆಯನ್ನು ಕೈಗಿಟ್ಟರು. ಜಜ್ಜುತ್ತಾಳೆಂದು ಕಾದರು.

ಹುಡುಗಿ ಜಜ್ಜಲಿಲ್ಲ. ಗಂಟಲು ಸರಿಮಾಡಿಕೊಂಡಳು.

"ಅವ್ವ ರಾತ್ರಿ ಒಬ್ಬಾಕೇ ಇಲ್ಲೇ ಇದ್ದಳೇನ್ರೀ ಟೀಚರ್?"

ಟೀಚರಿಗೆ ಈಗ ತಿಳಿಯಿತು. ಅದು ಸಿಟ್ಟಲ್ಲ; ಹುಡುಗಿ ಅವ್ವನನ್ನು ಇಲ್ಲಿ ಒಂಟಿಯಾಗಿ ಬಿಟ್ಟುಹೋಗಲಾರದೆ ಪ್ರತಿ ಸಲ ಮಣ್ಣು ಮಾಡುತ್ತಿದ್ದಳು.

"ಹೌದು ಮಗಾ. ನಮ್ಮದು ತಪ್ಪಾಯ್ತು."

ಅನುಷ್ಕಾ ಗೊಂಬೆಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಇಳಿಸಿದಳು. ಕಾರಿಡಾರಿನ ತುದಿಯಲ್ಲಿ ಟ್ರಸ್ಟಿಗಳ ಜೊತೆ ಮುರಾರಿ ಸರ್ ಬರುತ್ತಿದ್ದರು. ಟೀಚರ್ ಕಪಾಟಿನ ಬಾಗಿಲನ್ನು ಮುಚ್ಚಲು ಹೋಗಲಿಲ್ಲ.