ನೀರು ಚಿಮ್ಮಿದಲ್ಲೇ ನಿಲ್ಲುತ್ತಿದ್ದ ಡಿಸ್ಕು

ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಕಣ್ಣು ಪಳಗಿಸಿಕೊಂಡ ಹೆಂಗಸು ಆಕೆ. ಮೇಲೆ ಎರಡು ಟ್ಯೂಬ್‌ಲೈಟು, ಕೆಳಗೆ ಬಿಳಿ ಹಲಗೆ, ನಡುವೆ ಗಂಟೆಗೆ ಅರವತ್ತು ಅಂಗಿ. ತಪ್ಪಿದ ಹೊಲಿಗೆ, ವಾರೆಯಾದ ಕಾಲರು, ಅರ್ಧ ಕತ್ತರಿಸಿದ ಗುಂಡಿಮನೆ ಎಲ್ಲ ತಾವಾಗಿಯೇ ಅವಳ ಕಣ್ಣಿಗೆ ಬೀಳುತ್ತಿದ್ದವು. ಒಂದೂ ತಪ್ಪಿಲ್ಲದ ಅಂಗಿ ಕೈಗೆ ಬಂದರೆ ಮಾತ್ರ ಎದೆಯಲ್ಲಿ ಏನೋ ಕೊರೆಯುತ್ತಿತ್ತು. ಅದನ್ನು ಎರಡೆರಡು ಸಲ ಮಗುಚಿ ನೋಡುತ್ತಿದ್ದಳು. ಅಲ್ಲಿಯವರು ಇಟ್ಟ ಹೆಸರು ತಪಾಸಣೆ ಅಕ್ಕ. ಕಾರ್ಖಾನೆ ಬಾಗಿಲು ಹಾಕಿತು, ಹೆಸರು ಮಾತ್ರ ಅವಳ ಬೆನ್ನು ಬಿಡಲಿಲ್ಲ.

ಆಮೇಲೆ ಅಕ್ಕ ಮನೆಯವರ ಸ್ಟುಡಿಯೊಗೇ ಬಂದಳು. ಅದು ಅವಳ ಭಾವನದು, ಅಂದರೆ ಗಂಡನ ಅಣ್ಣನದು. ಮುಂದಿನ ಕೋಣೆಯಲ್ಲಿ ಭಾವ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತಿದ್ದ. ಗಂಡ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಮದುವೆ, ಶಾಲೆಯ ವಾರ್ಷಿಕೋತ್ಸವ ಅಂತ ಸುತ್ತುತ್ತಿದ್ದ. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಅಕ್ಕ. ಗಂಡ ತಂದ ಟೇಪನ್ನು ಕಂಪ್ಯೂಟರಿಗೆ ಇಳಿಸುವುದು, ಬೇಡದ್ದನ್ನು ಕತ್ತರಿಸುವುದು, ಚಿತ್ರವನ್ನು ಡಿವಿಡಿ ಡಿಸ್ಕಿಗೆ ಒಗ್ಗುವ ಹಾಗೆ ಕುಗ್ಗಿಸಿ ಅದರೊಳಗೆ ಬರೆಯುವುದು, ಅವರ ಮಾತಿನಲ್ಲಿ ಸುಡುವುದು, ಅವಳ ಕೆಲಸ. ಮೂರೇ ತಿಂಗಳಲ್ಲಿ ಕಲಿತಳು. ಎಷ್ಟು ಕುಗ್ಗಿಸಬೇಕು ಅನ್ನುವುದನ್ನು ಕಂಪ್ಯೂಟರಿಗೇ ಬಿಟ್ಟುಕೊಡುವ ಒಂದು ಗುಂಡಿ ಇತ್ತು, 'ಸ್ವಯಂಚಾಲಿತ' ಅಂತ. ಅದನ್ನು ಅಕ್ಕ ಮೊದಲ ದಿನದಿಂದಲೇ ನಂಬಲಿಲ್ಲ. ತಾನೇ ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದಳು. ಡಿಸ್ಕಿನಲ್ಲಿ ಇರುವ ಜಾಗ ಇಷ್ಟು, ಚಿತ್ರ ಇಷ್ಟು ನಿಮಿಷ, ಹಾಗಾದರೆ ಒಂದೊಂದು ಸೆಕೆಂಡಿಗೆ ಎಷ್ಟು ಮಾಹಿತಿ ತುಂಬಬಹುದು ಅಂತ. ಮೂರು ಗಂಟೆಯ ಮದುವೆಗೆ ಸೆಕೆಂಡಿಗೆ ಮೂರು ಸಾವಿರದ ಚಿಲ್ಲರೆ ಕಿಲೋಬಿಟ್ ಬರುತ್ತಿತ್ತು. ಅರ್ಧ ಗಂಟೆಯದಕ್ಕೆ ಒಂಬತ್ತೂವರೆ ಸಾವಿರ. ಅದಕ್ಕಿಂತ ಹೆಚ್ಚಿಗೆ ಹಾಕಲು ಕಂಪ್ಯೂಟರು ಬಿಡುತ್ತಿರಲಿಲ್ಲ. ಡಿಸ್ಕಿನಲ್ಲಿ ಜಾಗ ಖಾಲಿ ಬಿಟ್ಟು ಚಿತ್ರವನ್ನು ಕುಗ್ಗಿಸುವುದು ಅಂದರೆ ಗಿರಾಕಿಯ ಬಟ್ಟೆಯಲ್ಲಿ ತುಂಡು ಕದ್ದ ಹಾಗೆ ಅನ್ನುವುದು ಅವಳ ಎಣಿಕೆ.

ಮೊದಲ ದೂರು ಬಂದದ್ದು ಒಂದು ನಿಶ್ಚಿತಾರ್ಥದ ಮನೆಯಿಂದ. ನಲವತ್ತು ನಿಮಿಷದ ಡಿಸ್ಕು, ಟಿವಿಯಲ್ಲಿ ಹಾಕಿದರೆ ನಡುನಡುವೆ ಗಕ್ಕಂತ ನಿಲ್ಲುತ್ತದೆ ಅಂದರು. ಅಕ್ಕ ತನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದಳು, ಎಣ್ಣೆ ಹಾಕಿದ ಹಾಗೆ ಓಡಿತು. ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡಳು. ಹದಿನೈದು ದಿನಕ್ಕೆ ನೃತ್ಯಶಾಲೆಯ ಟೀಚರು ಬಂದರು, ಅದೇ ದೂರು. ಆಮೇಲೆ ಇನ್ನಿಬ್ಬರು. ಎಲ್ಲವೂ ಸಣ್ಣ ಕಾರ್ಯಕ್ರಮದ ಡಿಸ್ಕುಗಳೇ. ಮೂರು ಗಂಟೆಯ ಮದುವೆಯವರು ಒಬ್ಬರೂ ಬಾಯಿ ಬಿಡಲಿಲ್ಲ.

ಅಕ್ಕನ ತಲೆಯಲ್ಲಿ ಹುಳ ಹೊಕ್ಕಿತು. ಖಾಲಿ ಡಿಸ್ಕುಗಳನ್ನು ತರುತ್ತಿದ್ದವನು ಭಾವ. ಅವು ಇರುತ್ತಿದ್ದದ್ದು ಮುಂದಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಬೀಗ ಹಾಕಿ. ಬೇಕೆಂದಾಗ ಭಾವನೇ ಎಣಿಸಿ ತಂದುಕೊಡುತ್ತಿದ್ದ. ಡಿಸ್ಕಿಗೆ ಬೀಗ ಯಾಕೆ? ದೊಡ್ಡ ಮದುವೆಯವರಿಗೆ ಒಳ್ಳೆಯದು, ಸಣ್ಣ ಗಿರಾಕಿಗೆ ಕಳಪೆ ಮಾಲು, ಹೀಗೆ ಎರಡು ರಾಶಿ ಇಟ್ಟಿದ್ದಾನೆಯೇ?

ಅಂದಿನಿಂದ ಭಾವ ಕೊಟ್ಟ ಪ್ರತಿ ಡಿಸ್ಕನ್ನೂ ಮಗುಚಿ ದೀಪಕ್ಕೆ ಹಿಡಿದಳು. ಕೆಲವುಗಳ ತಳ ನೇರಳೆ, ಕೆಲವುಗಳದು ತುಸು ನೀಲಿ. ನಡುವಿನ ತೂತಿನ ಸುತ್ತ ಸೂಜಿಯಿಂದ ಸಣ್ಣ ಗುರುತು ಗೀರಿ, ಯಾವುದು ಯಾರ ಪಾಲಾಯಿತು ಅಂತ ಬರೆದಿಟ್ಟುಕೊಂಡಳು. ಭಾವ ಫೋನಿನಲ್ಲಿ ದನಿ ತಗ್ಗಿಸಿದರೆ ಇವಳ ಮೌಸು ನಿಲ್ಲುತ್ತಿತ್ತು. ಗಂಡನ ಹತ್ತಿರ ಹೇಳಿದರೆ ಅವನು, "ಅಣ್ಣ ಹಂಗೆಲ್ಲ ಮಾಡೋನಲ್ಲ" ಅಂದು ಕ್ಯಾಮೆರಾದ ಗಾಜು ಒರೆಸುತ್ತ ಕೂತ. ಅವನು ಅಷ್ಟು ಬೇಗ ಅಂದದ್ದೇ ಅವಳಿಗೆ ಸರಿಬರಲಿಲ್ಲ.

ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ಅಕ್ಕ ಕೇಳಿಯೇಬಿಟ್ಟಳು. "ಭಾವ, ಸಣ್ಣ ಗಿರಾಕಿಗೆ ಒಂದು ಥರದ ಡಿಸ್ಕು, ದೊಡ್ಡ ಗಿರಾಕಿಗೆ ಇನ್ನೊಂದು ಥರದ್ದು ಅಂತ ಇಟ್ಟಿದ್ದೀರಾ?"

ಭಾವ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಸಿಟ್ಟು ಮಾಡಲಿಲ್ಲ. ಎದ್ದು ಕೈತೊಳೆದು ಬಂದು, ಬೀರುವಿನ ಬೀಗದಕೈಯನ್ನು ಅವಳ ತಟ್ಟೆಯ ಪಕ್ಕ ಇಟ್ಟ. "ಇನ್ಮೇಲೆ ನೀನೇ ತಗೋಮ್ಮ" ಅಂದ. ಅರ್ಧ ಊಟ ಹಾಗೇ ಉಳಿಯಿತು. ಅಂದಿನಿಂದ ಅವನು ಅವಳ ಜೊತೆ ನೇರವಾಗಿ ಮಾತಾಡುವುದು ಬಿಟ್ಟ. ಏನಿದ್ದರೂ ತಮ್ಮನಿಗೆ ಹೇಳುವುದು, ತಮ್ಮ ಎರಡು ಹೆಜ್ಜೆ ನಡೆದು ಬಂದು ಇವಳಿಗೆ ಹೇಳುವುದು.

ಅಕ್ಕ ಬೀರು ತೆಗೆದು ನೋಡಿದಳು. ಎರಡು ರಾಶಿ ಇರಲಿಲ್ಲ, ಒಂದೇ ರಾಶಿ. ನೇರಳೆ ನೀಲಿ ಎರಡೂ ಅದರೊಳಗೇ ಬೆರೆತಿದ್ದವು. ಬೀಗ ಹಾಕದಿದ್ದರೆ ಬಾಗಿಲು ಕಿರ್ರೆಂದು ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ತಿರುಗಣಿ ಸಡಿಲವಾಗಿತ್ತು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ನಾನು ಕೇಳುತ್ತೇನೆಂದು ತಿಳಿದು ಮೊದಲೇ ಬೆರೆಸಿಟ್ಟಿದ್ದರೆ? ಪೇಟೆಗೆ ತಾನೇ ಹೋಗಿ ಅಂಗಡಿಯವನ ಹತ್ತಿರ ಇದ್ದುದರಲ್ಲೇ ಒಳ್ಳೆಯ ಡಿಸ್ಕು ಆರಿಸಿ ತಂದಳು. ಅದರಲ್ಲಿ ಸುಟ್ಟ ಮೊದಲ ಚಿತ್ರ ಈಜುಶಾಲೆಯ ಸ್ಪರ್ಧೆಯದು, ಇಪ್ಪತ್ತೈದು ನಿಮಿಷ.

ನಾಲ್ಕು ದಿನಕ್ಕೆ ಗಡಿಯಾರ ರಿಪೇರಿಯ ಮುದುಕರೊಬ್ಬರು ಬಂದರು. ಅವರ ಮೊಮ್ಮಗಳು ಆ ಸ್ಪರ್ಧೆಯಲ್ಲಿ ಎರಡನೆಯವಳಾಗಿದ್ದಳು. ಕಿಸೆಯಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಮೇಜಿನ ಮೇಲೆ ಹರಡಿದರು.

"ನಂಗೆ ಜಗಳ ಬೇಡಮ್ಮ. ಎಲ್ಲೆಲ್ಲಿ ನಿಲ್ಲುತ್ತೆ ಅಂತ ಬರ್ಕೊಂಡು ಬಂದಿದೀನಿ, ನೋಡಿ. ನಿಮಿಷ, ಸೆಕೆಂಡು ಎರಡೂ ಇದೆ."

ಏಳು ಕಡೆ ಗುರುತು ಮಾಡಿದ್ದರು. ಮುದುಕರಿಗೆ ಇಷ್ಟು ಬಿಡುವು ಎಲ್ಲಿಂದ ಬಂತು, ಯಾರಾದರೂ ಹೇಳಿಕೊಟ್ಟು ಕಳಿಸಿದ್ದಾರೆಯೇ ಅಂತ ಅಕ್ಕನಿಗೆ ಮೊದಲು ಅನ್ನಿಸಿತು. ನಿಮ್ಮ ಮನೆಯಲ್ಲೇ ನೋಡಬೇಕು ಅಂದಳು. ಅವರು ಸಂತೋಷದಿಂದಲೇ ಕರೆದುಕೊಂಡು ಹೋದರು.

ಗೋಡೆಯ ತುಂಬ ಗಡಿಯಾರಗಳಿದ್ದ ಕೋಣೆ. ಟಿವಿಯ ಕೆಳಗೆ ಹಳೆಯ ಪ್ಲೇಯರು, ಮೇಲೊಂದು ಕ್ರೋಶಾ ಹೊದಿಕೆ. ಡಿಸ್ಕು ಹಾಕಿದರು. ಉದ್ಘಾಟನೆಯ ಭಾಷಣ ಚೆನ್ನಾಗಿ ಓಡಿತು. ಮಕ್ಕಳು ಸಾಲಾಗಿ ನಿಂತರು. ಸೀಟಿ ಊದಿದೊಡನೆ ಎಲ್ಲರೂ ಒಟ್ಟಿಗೆ ನೀರಿಗೆ ಹಾರಿದರು, ಚಿತ್ರ ಗಕ್ಕಂತ ನಿಂತಿತು. ಎರಡು ಉಸಿರಿನ ಹೊತ್ತು ನೀರಿನ ಹನಿಗಳು ಗಾಳಿಯಲ್ಲೇ ಅಂಟಿಕೊಂಡವು. ಅಕ್ಕ ಚೀಟಿ ನೋಡಿದಳು, ಸೆಕೆಂಡು ಸರಿಯಾಗಿತ್ತು. ಮುಂದಿನ ಹಾರುವಿಕೆ, ಮತ್ತೆ ನಿಂತಿತು. ಬಹುಮಾನ ಹಂಚುವಾಗ ನಿಲ್ಲಲಿಲ್ಲ, ಕೊನೆಗೆ ಗೆದ್ದವರು ನೀರೆರಚಿಕೊಂಡಾಗ ನಿಂತಿತು.

ಅವಳ ಚೀಲದಲ್ಲಿ ಅದೇ ಚಿತ್ರದ ಇನ್ನೊಂದು ಪ್ರತಿ ಇತ್ತು, ಹೋಲಿಸಿ ನೋಡಲೆಂದು ಭಾವನ ರಾಶಿಯ ನೀಲಿ ತಳದ ಡಿಸ್ಕಿನಲ್ಲಿ ಸುಟ್ಟದ್ದು. ಅದನ್ನು ಹಾಕಿಸಿದಳು. ಅದೇ ಜಾಗ, ಅದೇ ಹನಿಗಳು. ಏಳಕ್ಕೆ ಏಳೂ ಕಡೆ ನಿಂತಿತು.

"ಎರಡೂ ಬೇರೆ ಬೇರೆ ಡಿಸ್ಕು ತಾನೇ?" ಅಂದರು ಮುದುಕರು. "ಗಡಿಯಾರ ದಿನಾ ಒಂದೇ ಹೊತ್ತಿಗೆ ನಿಂತರೆ ನಾವು ಕೀಲಿ ಕೊಟ್ಟೋನನ್ನ ಬಯ್ಯಲ್ಲ. ಒಳಗೆ ಯಾವುದೋ ಹಲ್ಲಿಗೆ ಭಾರ ಬೀಳ್ತಿದೆ ಅಂತ ನೋಡ್ತೀವಿ."

ಅಕ್ಕನಿಗೆ ಆಗ ಹೊಳೆಯಿತು. ಭಾಷಣ ಮಾಡುವವನ ಚಿತ್ರದಲ್ಲಿ ತುಟಿಯೊಂದೇ ಅಲುಗುವುದು. ನೀರು ಚಿಮ್ಮಿದರೆ ಪರದೆಯ ತುಂಬ ಎಲ್ಲವೂ ಪ್ರತಿ ಕ್ಷಣ ಬದಲಾಗುತ್ತದೆ. ಅಷ್ಟನ್ನೂ ಬಿಡದೆ ಹಿಡಿ ಅಂತ ಒಂಬತ್ತೂವರೆ ಸಾವಿರದ ಅಪ್ಪಣೆ ಕೊಟ್ಟವಳು ತಾನು. ಕಂಪ್ಯೂಟರು ಹೇಗೋ ನುಂಗಿಕೊಳ್ಳುತ್ತಿತ್ತು. ಹೀಗೆ ಕಂಪ್ಯೂಟರಿನಲ್ಲಿ ಸುಟ್ಟ ಡಿಸ್ಕಿನಿಂದ ಈ ಹಳೆಯ ಪ್ಲೇಯರು ಅಷ್ಟು ಬೇಗ ಓದಲಾರದೆ ಏದುಸಿರು ಬಿಡುತ್ತಿತ್ತು. ಮೂರು ಗಂಟೆಯ ಮದುವೆಗಳು ಬಚಾವಾದದ್ದು ದೊಡ್ಡ ಗಿರಾಕಿಗಳದೆಂದಲ್ಲ, ಜಾಗ ಸಾಲದೆ ಅವಳೇ ಸಂಖ್ಯೆ ಇಳಿಸಿದ್ದರಿಂದ.

ಸ್ಟುಡಿಯೊಗೆ ಮರಳಿ ಆ ಸಂಖ್ಯೆಯನ್ನು ಆರೂವರೆ ಸಾವಿರಕ್ಕೆ ಇಳಿಸಿದಳು. ಎಷ್ಟೇ ನೀರು ಚಿಮ್ಮಿದರೂ ಎಂಟು ಸಾವಿರ ದಾಟಬಾರದು ಅಂತ ಮೇಲೊಂದು ಗಡಿ ಕಟ್ಟಿದಳು. ಸುಡುವ ವೇಗವನ್ನೂ ಕಡಿಮೆ ಮಾಡಿದಳು. ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು, ಚೆಕಿಂಗ್ ಟೇಬಲ್ಲಿನ ಕಣ್ಣಿನಿಂದ ಒಂದು ಗಂಟೆ ಹುಡುಕಿದಳು. ಎಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಇಷ್ಟು ದಿನ ತಾನು ಹೆಚ್ಚಿಗೆ ತುರುಕಿದ್ದು ಯಾರಿಗೂ ದಕ್ಕಿರಲಿಲ್ಲ. ಮರುದಿನ ಮುದುಕರ ಮನೆಯಲ್ಲಿ ಡಿಸ್ಕು ಮೊದಲಿಂದ ಕೊನೆಯವರೆಗೆ ಓಡಿತು. ಮೊಮ್ಮಗಳು ನೀರಿಗೆ ಬಿದ್ದು ಎದ್ದು ದಡ ಮುಟ್ಟುವವರೆಗೆ ಮುದುಕರು ಕನ್ನಡಕ ಒರೆಸಿಕೊಳ್ಳಲೂ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಭಾವನ ಮುಂದೆ ಹೋಗಿ ನಿಲ್ಲುವುದೇ ಕಷ್ಟವಾಯಿತು. ಅವನು ಒಂದು ಫೋಟೊದ ಅಂಚು ಕತ್ತರಿಸುತ್ತಿದ್ದ. ಬೀಗದಕೈ ಅವನ ಮುಂದಿಟ್ಟು, "ತಪ್ಪು ಡಿಸ್ಕಿನದಲ್ಲ ಭಾವ. ನಂದು" ಅಂದಳು.

ಅವನು ಕತ್ತರಿ ಕೆಳಗಿಡದೆಯೇ ಹೇಳಿದ. "ನೀನು ಕೇಳಿದ್ದಕ್ಕೆ ಬೇಜಾರಿಲ್ಲಮ್ಮ. ಕೇಳೋಕೆ ಮುಂಚೆ ಎರಡು ತಿಂಗಳು ನಾನು ಕೊಟ್ಟಿದ್ದನ್ನೆಲ್ಲ ದೀಪಕ್ಕೆ ಹಿಡೀತಿದ್ಯಲ್ಲ. ಅದು ನಂಗೆ ಕಾಣ್ತಿತ್ತು."

ಅವನು ಬೀಗದಕೈ ತೆಗೆದುಕೊಂಡು, ಇನ್ನು ಬೀರುವಿನ ಆ ತಿರುಗಣಿ ರಿಪೇರಿ ಮಾಡಿಸಬೇಕು ಅಂದ. ಅವಳಿಗೇ ನೇರವಾಗಿ ಅಂದ.

ಆ ವಾರ ಹನ್ನೊಂದು ಡಿಸ್ಕು ಹೊಸದಾಗಿ ಸುಟ್ಟು, ದೂರು ಹೇಳದವರನ್ನೂ ಕರೆಸಿ ಕೊಟ್ಟಳು. ಹೆಚ್ಚಿನವರು ಖುಷಿಯಿಂದ ಒಯ್ದರು. ನೃತ್ಯಶಾಲೆಯ ಟೀಚರು ಮಾತ್ರ ಹೊಸ ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿದರು.

"ಕೇಳದೇ ಇದ್ದೋರಿಗೂ ಕರೆದು ಕೊಡ್ತಿದ್ದೀರಂತೆ. ಯಾಕೆ? ಹೊಸದ್ರಲ್ಲಿ ಏನಾದ್ರೂ ಕಡಿಮೆ ಮಾಡಿದ್ದೀರಾ?"

"ಹೌದು, ಕಡಿಮೆ ಮಾಡಿದ್ದೀನಿ" ಅಂದಳು ಅಕ್ಕ. "ಮೊದಲು ಜಾಸ್ತಿ ತುಂಬಿದ್ದೆ, ಅದಕ್ಕೇ ನಿಲ್ತಿತ್ತು."

"ಹಂಗಾದ್ರೆ ಎರಡೂ ನನ್ನ ಹತ್ರಾನೇ ಇರ್ಲಿ, ಹೋಲಿಸಿ ನೋಡ್ತೀನಿ" ಅಂದರು ಟೀಚರು. ಆಮೇಲೆ ಹಿಂದಿರುಗಿಸಲು ತಂದಿದ್ದ ಹಳೆಯ ಡಿಸ್ಕನ್ನು ಮೇಜಿನಿಂದ ಎತ್ತಿಕೊಂಡು, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.