ಸಣ್ಣ ಬಾಯಿಯ ಸ್ಪ್ರೇ ಗನ್

ಉಸಿರೆಳೆದಾಗ ಅವರ ಭುಜಗಳು ಕಿವಿಯ ತನಕ ಏರುತ್ತಿದ್ದವು. ನಾಲ್ಕು ಪದಕ್ಕೊಮ್ಮೆ ಮಾತು ನಿಲ್ಲುತ್ತಿತ್ತು, ಗಿರಾಕಿಗಳು ಕಾಯುತ್ತಿದ್ದರು. ಚೆನ್ನೈನ ಅಣ್ಣಾ ನಗರದ ನಮ್ಮ ಬೀದಿಯಲ್ಲಿ ಅವರದು ಬಣ್ಣದ ಅಂಗಡಿ. ತುಮಕೂರು ಕಡೆಯ ಮನೆತನ, ಹುಟ್ಟಿದ್ದು ಇಲ್ಲೇ. ಹರೆಯವೆಲ್ಲ ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ಸೆಟ್‌ಗಳಿಗೆ ಬಣ್ಣ ಸಿಂಪಡಿಸುತ್ತ ಕಳೆದಿತ್ತು. ಆಗ ಯಾರೂ ಮಾಸ್ಕ್ ಹಾಕುತ್ತಿರಲಿಲ್ಲ. ಪತ್ರಿಕೆ ಕೆಲಸಕ್ಕೆಂದು ಮೈಸೂರಿನಿಂದ ಬಂದ ನನಗೆ ಕನ್ನಡ ಕೇಳಿಸುತ್ತಿದ್ದ ಜಾಗ ಆ ಅಂಗಡಿ. ಅವರನ್ನು ಅಣ್ಣ ಎನ್ನುತ್ತಿದ್ದೆ.

ಸ್ಪ್ರೇ ಗನ್ ಕೇಳಿ ಬಂದವರಿಗೆ ಅವರು ಮೊದಲು ಗನ್ ತೋರಿಸುತ್ತಿರಲಿಲ್ಲ. "ಯಾವ್ದಕ್ಕೆ ಹೊಡೀತೀರಾ?" ಎಂದು ವಿಚಾರಿಸುತ್ತಿದ್ದರು. ಒಂದು ಕಿಟಕಿ, ಒಂದು ಸ್ಟೂಲು ಎಂದರೆ, "ಸುಮ್ನೆ ಬ್ರಷ್ ತಗೊಂಡ್ ಹೋಗಿ. ಗನ್ ತೊಳೆಯೋಷ್ಟ್ರಲ್ಲಿ ಕೆಲ್ಸ ಮುಗ್ದಿರುತ್ತೆ" ಎಂದು ಕಳಿಸುತ್ತಿದ್ದರು.

ನಾನು ಅವರನ್ನು ಕೇಳದೆ ಆನ್‌ಲೈನ್‌ನಲ್ಲಿ ಗನ್ ತರಿಸಿದೆ. ಅಮ್ಮನ ಕಬ್ಬಿಣದ ಬೀರು ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ತುಕ್ಕು ಉಜ್ಜಿ ಬಣ್ಣ ಹೊಡೆದರೆ ಬಾಗಿಲ ತುಂಬ ಹನಿ ಇಳಿದವು. ಗನ್ನನ್ನೂ ಫೋನಿನಲ್ಲಿದ್ದ ಫೋಟೊವನ್ನೂ ಅಂಗಡಿಗೆ ಒಯ್ದು ತೋರಿಸಿದೆ.

"ಏನ್ ಸಾರ್, ಬೀರೂನ ಹಿಂಗ್ ಅಳಿಸ್ಬಿಟ್ಟಿದೀರಾ!" ಎಂದು ನಕ್ಕರು. ನಗು ಕೆಮ್ಮಾಯಿತು. ಗನ್ನಿನ ತುದಿಯನ್ನು ಬೆಳಕಿಗೆ ಹಿಡಿದರು. "ಇದು ಗೋಡೆಗೆ. ಬಾಯಿ ದೊಡ್ದು. ಬೀರೂಗೆ ಸಣ್ಣ ಬಾಯಿದು ಬೇಕು. ಸೆರಿ, ಆ ಹನಿಯೆಲ್ಲ ಉಜ್ಜಿಟ್ಟಿರಿ, ನಾಳೆ ನಾನೇ ಬರ್ತೀನಿ."

ಮರುದಿನ ಮಧ್ಯಾಹ್ನ ತಮ್ಮದೇ ಗನ್ ಹಿಡಿದು ಮೂರು ಮಹಡಿ ಹತ್ತಿ ಬಂದರು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಾತು ಹೊರಡಲು ಹತ್ತು ನಿಮಿಷ ಹಿಡಿಯಿತು. ಬಣ್ಣಕ್ಕೆ ತಿನ್ನರ್ ಬೆರೆಸಿ, ಕಡ್ಡಿ ಅದ್ದಿ ಎತ್ತಿ, ಅದು ಎಷ್ಟು ಸಲೀಸಾಗಿ ಜಾರಬೇಕೆಂದು ತೋರಿಸಿದರು. ಜೇಬಿನಿಂದ ಮಾಸ್ಕ್ ತೆಗೆದು ನನ್ನ ಮುಖಕ್ಕೆ ಕಟ್ಟಿದರು. ಇದ್ದದ್ದು ಒಂದೇ.

"ನಿಮಗೆ?" ಎಂದೆ.

"ನಂದು ಆಗೋದೆಲ್ಲ ಆಗೋಯ್ತು ಸಾರ್. ನೀವು ಗನ್ ನೋಡಿ."

ಮೊದಲ ಬಾಗಿಲನ್ನು ಅವರೇ ಹೊಡೆದರು. ಕೈ ಎಲ್ಲೂ ನಿಲ್ಲಲಿಲ್ಲ. ಒಂದು ಹನಿಯೂ ಇಳಿಯಲಿಲ್ಲ. ಎರಡನೆಯದಕ್ಕೆ ಗನ್ ನನ್ನ ಕೈಗಿತ್ತು ಪಕ್ಕದಲ್ಲೇ ನಿಂತರು. "ಮಣಿಕಟ್ಟು ತಿರುಗಿಸ್ಬೇಡಿ. ಇಡೀ ಕೈ ಹೋಗ್ಲಿ." ಬಣ್ಣದ ಹುಡಿ ಅವರ ಹುಬ್ಬಿನ ಮೇಲೆ ಕೂರುತ್ತಿರುವುದು ನನಗೆ ಕಂಡಿತು. ಬಾಗಿಲು ಚೆನ್ನಾಗಿ ಬರುತ್ತಿತ್ತು. ನಾನು ಕೆಲಸ ನಿಲ್ಲಿಸಲಿಲ್ಲ.

ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ಕುರ್ಚಿ ಹಾಕಿ ಎದುರಿಗೆ ಕೂತರು.

"ನಿಮ್ ಬೀರು ಜೋರಾಗಿ ಬಂತು ಅಂತ ಹೇಳ್ತಾನೇ ಇದ್ರು" ಎಂದರು. "ಅವತ್ತು ನಿಮ್ಮನೆಯಿಂದ ಬಂದವ್ರು ಮೂರು ದಿನ ಎದ್ದಿಲ್ಲಪ್ಪ. ಗನ್ ಮುಟ್ಲೇಬಾರ್ದು ಅಂತ ಡಾಕ್ಟ್ರು ಮುಂಚೇನೇ ಹೇಳಿದ್ರು. ನಿಮ್ಗೆ ಹೇಳ್ಬೇಡ ಅಂತ ಇವ್ರೇ ನಂಗೆ ಅಂದಿದ್ರು."

ಆ ಮಧ್ಯಾಹ್ನವೇ ಅವರ ಸಾವಿಗೆ ಕಾರಣ ಎನ್ನಲು ನನ್ನ ಬಳಿ ಆಧಾರವಿಲ್ಲ. ಅಲ್ಲ ಎನ್ನಲೂ ಇಲ್ಲ. ಸಿಕ್ಕ ಉತ್ತರವನ್ನು ಒಪ್ಪದೆ ಮತ್ತೆ ಕೇಳುವುದೇ ನಾನು ಮಾಡಿಕೊಂಡು ಬಂದ ಕೆಲಸ. ಮಂತ್ರಿಗಳನ್ನು ಮೂರು ಮೂರು ಸಲ ಕೇಳಿದ್ದೇನೆ. ಅಣ್ಣನನ್ನು ಒಂದೇ ಸಲ ಕೇಳಿದೆ. ಇನ್ನೊಂದು ಮಾಸ್ಕ್ ತರಲು ನಮ್ಮ ಮನೆಯಿಂದ ಅವರ ಅಂಗಡಿಗೆ ಐದು ನಿಮಿಷದ ದಾರಿ. ನಾನು ಹೋಗಲಿಲ್ಲ.